ಉಜ್ಜಿದರೆ ಹೋಗದ ಹುರುಪೆ: ಇಕ್ತಿಯೋಸಿಸ್ ಮತ್ತು ಅದರ ನೆಂಟರು

ಮಗುವಿನ ಕಾಲಮೇಲೆ ಮೀನಿನ ಹುರುಪೆಯಂತೆ ಚರ್ಮ ಎದ್ದರೆ ಮನೆಯಲ್ಲಿ ಮೊದಲು ನಡೆಯುವ ಚಿಕಿತ್ಸೆ ಉಜ್ಜುವುದು. ಸುಡುವ ನೀರು, ಮೈ ತಿಕ್ಕುವ ಕಲ್ಲು, ಕಡಲೆಹಿಟ್ಟು, ಮೇಲೊಂದಿಷ್ಟು ಬಟ್ಟೆ ಸೋಪು. ಅದು ಕೊಳೆ ಎಂಬುದು ಎಲ್ಲರ ಎಣಿಕೆ. ಅದು ಇಕ್ತಿಯೋಸಿಸ್ ಎಂಬ ಚರ್ಮದ ಕಾಯಿಲೆ ಇರಬಹುದು. ಉಜ್ಜಿದ ದಿನ ಮೈ ನುಣುಪಾಗಿ ಕಾಣುತ್ತದೆ, ಮೂರನೆಯ ದಿನಕ್ಕೆ ಮೊದಲಿಗಿಂತ ಒರಟಾಗುತ್ತದೆ. ಆಗ ಸರ್ಪದೋಷದ ಮಾತು ಏಳುತ್ತದೆ, ಹರಕೆ ಶುರುವಾಗುತ್ತದೆ. ಹರಕೆಯಿಂದ ಚರ್ಮಕ್ಕೆ ಕೇಡಿಲ್ಲ. ಕೇಡು ಮಾಡುವುದು ಆ ಕಲ್ಲು.

ಯಾಕೆ ಎಂದು ತಿಳಿಯಲು ಚರ್ಮದ ತೀರಾ ಮೇಲಿನ ಪದರವನ್ನು ನೋಡಬೇಕು. ಅಲ್ಲಿರುವುದು ಹದಿನೈದು ಇಪ್ಪತ್ತು ಸುತ್ತು ಸತ್ತ ಜೀವಕೋಶಗಳು, ಕಲ್ಲಿನ ಗೋಡೆಯಂತೆ ಒಂದರ ಮೇಲೊಂದು. ಕಲ್ಲುಗಳ ನಡುವಿನ ಗಾರೆಯಾಗಿ ಸೆರಮೈಡ್, ಕೊಲೆಸ್ಟೆರಾಲ್ ಮತ್ತು ಕೊಬ್ಬಿನ ಆಮ್ಲಗಳಿವೆ. ಒಳಗಿನ ನೀರು ಹೊರಗೆ ಆರಿಹೋಗದಂತೆ ತಡೆಯುವುದು ಈ ಗಾರೆ. ಕೋಶಗಳನ್ನು ಒಂದಕ್ಕೊಂದು ಹಿಡಿದಿಡುವ ಸಣ್ಣ ಗುಂಡಿಗಳೂ ಇವೆ. ತಳದಲ್ಲಿ ಹುಟ್ಟಿದ ಕೋಶ ಸುಮಾರು ನಾಲ್ಕು ವಾರದಲ್ಲಿ ಮೇಲೆ ಬರುತ್ತದೆ, ಗುಂಡಿ ಬಿಚ್ಚಿಕೊಳ್ಳುತ್ತದೆ, ಕಣ್ಣಿಗೆ ಕಾಣದಷ್ಟು ಸಣ್ಣ ಪುಡಿಯಾಗಿ ಉದುರುತ್ತದೆ. ಗುಂಡಿ ಬಿಚ್ಚುವ ಕೆಲಸ ಕೆಲವು ಕಿಣ್ವಗಳದು. ಆ ಕಿಣ್ವಗಳಿಗೆ ನೀರು ಬೇಕು.

ಇಕ್ತಿಯೋಸಿಸ್‌ನಲ್ಲಿ ಕೆಡುವುದು ಈ ಏರ್ಪಾಡು. ಒಂದು ಬಗೆಯಲ್ಲಿ ಗಾರೆ ಕಳಪೆ, ಇನ್ನೊಂದರಲ್ಲಿ ಗುಂಡಿ ಬಿಚ್ಚುವುದಿಲ್ಲ, ಮತ್ತೊಂದರಲ್ಲಿ ಕಲ್ಲೇ ಗಟ್ಟಿಯಿಲ್ಲ. ಪರಿಣಾಮ ಮಾತ್ರ ಹೆಚ್ಚುಕಡಿಮೆ ಒಂದೇ: ನೀರು ಸೋರುತ್ತದೆ, ಮೇಲ್ಪದರ ಒಣಗುತ್ತದೆ, ಒಣಗಿದ್ದರಿಂದ ಕಿಣ್ವ ಕೆಲಸ ಮಾಡುವುದಿಲ್ಲ, ಕೋಶಗಳು ಪುಡಿಯಾಗಿ ಉದುರದೆ ಹಾಳೆಹಾಳೆಯಾಗಿ ಅಂಟಿಕೊಳ್ಳುತ್ತವೆ. ಗೋಡೆ ಸೋರುತ್ತಿದೆ ಎಂದು ಗೊತ್ತಾದ ತಳದ ಪದರ ಇನ್ನಷ್ಟು ಕೋಶ ಹುಟ್ಟಿಸುತ್ತದೆ. ಹೀಗಾಗಿ ಚರ್ಮ ದಪ್ಪವೂ ಹೌದು, ತೂತೂ ಹೌದು. ಕಲ್ಲಿನಿಂದ ಉಜ್ಜಿದಾಗ ಸೋರಿಕೆ ಹೆಚ್ಚುತ್ತದೆ, ತಳದಲ್ಲಿ ಕೆಲಸ ಇನ್ನೂ ಚುರುಕಾಗುತ್ತದೆ. ಮೂರನೆಯ ದಿನದ ಒರಟುತನಕ್ಕೆ ಕಾರಣ ಇದೇ. ಬೇಸಿಗೆಯಲ್ಲಿ ಎರೆಹೊಲ ಬಿರಿಯುವುದು ಮಣ್ಣು ಕಡಿಮೆಯಾಗಿ ಅಲ್ಲ, ಮಣ್ಣಿನೊಳಗಿನ ನೀರು ಆರಿ. ಚರ್ಮದ ಸೀಳೂ ಹಾಗೆಯೇ.

ಯಾವ ಬಗೆ ಎಂದು ಗುರುತಿಸಲು ದುಬಾರಿ ಪರೀಕ್ಷೆಗಿಂತ ಮೊದಲು ಬೇಕಾದ್ದು ಮೂರು ಪ್ರಶ್ನೆ: ಯಾವಾಗ ಶುರುವಾಯಿತು, ಮೈಯ ಯಾವ ಜಾಗ ಚೆನ್ನಾಗಿಯೇ ಉಳಿದಿದೆ, ಮನೆಯಲ್ಲಿ ಇನ್ಯಾರಿಗಿದೆ.

ಹುಟ್ಟಿದಾಗ ಚರ್ಮ ಸರಿಯಿದ್ದು, ಕೆಲವು ತಿಂಗಳ ನಂತರ ಮೊಣಕಾಲ ಕೆಳಗೆ ಸಣ್ಣ ಬಿಳಿ ಹುರುಪೆ ಎದ್ದು, ಮೊಣಕೈ ಮಡಿಕೆ ಮತ್ತು ಮೊಣಕಾಲ ಹಿಂದಿನ ಮಡಿಕೆ ನುಣುಪಾಗಿಯೇ ಇದ್ದರೆ ಅದು ಬಹುತೇಕ ಸಾಮಾನ್ಯ ಇಕ್ತಿಯೋಸಿಸ್, ವೈದ್ಯರು ವಲ್ಗ್ಯಾರಿಸ್ ಎನ್ನುವುದು. ಸುಮಾರು 250 ಜನರಲ್ಲಿ ಒಬ್ಬರಿಗೆ ಇದು ಇರುತ್ತದೆ ಎಂಬುದು ಅಂದಾಜು. ಅಂದರೆ ದೊಡ್ಡ ಶಾಲೆಯೊಂದರಲ್ಲಿ ಮೂರ್ನಾಲ್ಕು ಮಕ್ಕಳು. ಅಂಗೈ ನೋಡಿ: ಗೆರೆಗಳು ವಿಪರೀತ ಇರುತ್ತವೆ, ಆಳವಾಗಿರುತ್ತವೆ. ಫಿಲಾಗ್ರಿನ್ ಎಂಬ ಪ್ರೋಟೀನಿನ ಜೀನ್‌ನಲ್ಲಿ ದೋಷವಿದೆ ಎಂಬುದು 2006ರಲ್ಲಿ ಗೊತ್ತಾಯಿತು. ಈ ಪ್ರೋಟೀನು ಒಡೆದು ಹುಟ್ಟುವ ತುಣುಕುಗಳೇ ಮೇಲ್ಪದರದಲ್ಲಿ ನೀರನ್ನು ಹಿಡಿದಿಡುವುದು. ಇದೇ ದೋಷ ಇಸಬಿಗೂ ದಾರಿ ಮಾಡುತ್ತದೆ. ಹಾಗಾಗಿ ಈ ಮಕ್ಕಳಲ್ಲಿ ಹಲವರಿಗೆ ತುರಿಕೆಯ ಇಸಬು, ಕೆಲವರಿಗೆ ಉಬ್ಬಸ ಜೊತೆಗಿರುತ್ತದೆ. ಡಿಸೆಂಬರ್, ಜನವರಿಯ ಒಣ ಚಳಿಗೆ ಕೆರಳುತ್ತದೆ, ಮಳೆಗಾಲದಲ್ಲಿ ತಣ್ಣಗಾಗುತ್ತದೆ.

ಗಂಡುಮಗು, ಹುಟ್ಟಿದ ಮೊದಲ ತಿಂಗಳುಗಳಲ್ಲೇ ಶುರು, ಹುರುಪೆ ದೊಡ್ಡದು, ಬಣ್ಣ ಕಂದು, ಕತ್ತು ಎಷ್ಟು ತೊಳೆದರೂ ಕೊಳೆಯಾದಂತೆ ಕಾಣುವುದು. ಸೋದರಮಾವನಿಗೂ ಹೀಗೇ ಇದೆ. ದಿನ ತುಂಬಿದರೂ ತಾಯಿಗೆ ಹೆರಿಗೆ ನೋವು ಬರಲಿಲ್ಲ. ಇಷ್ಟು ಕೂಡಿಬಂದರೆ ಅದು ಎಕ್ಸ್ ಕ್ರೋಮೋಸೋಮಿನ ಮೂಲಕ ಬರುವ ಬಗೆ. ಸ್ಟೀರಾಯ್ಡ್ ಸಲ್ಫಟೇಸ್ ಎಂಬ ಕಿಣ್ವ ಇಲ್ಲದೆ ಕೊಲೆಸ್ಟೆರಾಲ್ ಸಲ್ಫೇಟ್ ಕೂಡಿಕೊಂಡು ಗುಂಡಿಗಳು ಬಿಚ್ಚುವುದಿಲ್ಲ. ಕಸದಲ್ಲೂ, ಅಂದರೆ ಹೆರಿಗೆಯ ಮಾಸಿನಲ್ಲೂ, ಅದೇ ಕಿಣ್ವ ಇರಬೇಕಿತ್ತು. ಅದಿಲ್ಲದೆ ಈಸ್ಟ್ರೋಜನ್ ತಗ್ಗುವುದರಿಂದ ನೋವು ತಡವಾಗುತ್ತದೆ. ಈ ಹುಡುಗರಲ್ಲಿ ಕೆಲವರ ವೃಷಣ ಕೆಳಗಿಳಿದಿರುವುದಿಲ್ಲ. ಚರ್ಮದ ವೈದ್ಯರ ಬಳಿ ಹೋದಾಗ ಅದನ್ನೂ ನೋಡಿಸಬೇಕು, ಸಂಕೋಚದಿಂದ ಬಿಡಬಾರದು.

ಮೂರನೆಯದು ಅಪರೂಪ, ಆದರೆ ಗಂಭೀರ. ಮಗು ಹುಟ್ಟುವಾಗಲೇ ಮೈಯೆಲ್ಲ ಪ್ಲಾಸ್ಟಿಕ್ ಹಾಳೆ ಸುತ್ತಿದಂತೆ ಹೊಳೆಯುವ ಬಿಗಿಯಾದ ಪೊರೆ, ಹೊರಗೆ ಮಗುಚಿದ ರೆಪ್ಪೆ, ತೆರೆದೇ ಇರುವ ತುಟಿ. ಕೊಲೋಡಿಯನ್ ಮಗು ಎನ್ನುತ್ತಾರೆ. ತಾಲ್ಲೂಕು ಆಸ್ಪತ್ರೆಯಲ್ಲಿ ಇಂಥ ಮಗು ಹುಟ್ಟಿದರೆ ಮೊದಲ ನಿಯಮ: ಪೊರೆಯನ್ನು ಎಳೆದು ಕೀಳಬಾರದು. ಕೀಳಿದ ಜಾಗದಿಂದ ನೀರು ಸೋರುತ್ತದೆ, ಸೋಂಕು ಒಳಗೆ ಹೋಗುತ್ತದೆ. ತೆಳುವಾಗಿ ಬಿಳಿ ಪೆಟ್ರೋಲಿಯಂ ಜೆಲ್ಲಿ ಹಚ್ಚಿ, ಬೆಚ್ಚಗೆ ಇಟ್ಟು, 108ರಲ್ಲಿ ನವಜಾತ ಶಿಶು ಘಟಕವಿರುವ ಆಸ್ಪತ್ರೆಗೆ ಕಳಿಸಬೇಕು. ನಮ್ಮ ಭಾಗದ ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ತೇವವಿರುವ ಇನ್‌ಕ್ಯುಬೇಟರ್‌ನಲ್ಲಿಟ್ಟು, ರಕ್ತದ ಸೋಡಿಯಂ ಏರದಂತೆ, ಮೈ ತಣ್ಣಗಾಗದಂತೆ ಕಾಯುತ್ತಾರೆ. ಎರಡರಿಂದ ನಾಲ್ಕು ವಾರದಲ್ಲಿ ಪೊರೆ ತಾನೇ ಉದುರುತ್ತದೆ. ಅಂಥ ಮಕ್ಕಳಲ್ಲಿ ಸುಮಾರು ಹತ್ತರಲ್ಲಿ ಒಂದರ ಚರ್ಮ ನಂತರ ಬಹುತೇಕ ಸಾಮಾನ್ಯವಾಗುತ್ತದೆ. ಉಳಿದವರಿಗೆ ಲ್ಯಾಮೆಲ್ಲರ್ ಎಂಬ ಫಲಕದಂಥ ಹುರುಪೆ, ಇಲ್ಲವೇ ಕೆಂಪು ಚರ್ಮದ ಮೇಲೆ ಸಣ್ಣ ಹುರುಪೆ ಉಳಿಯುತ್ತದೆ. ಹುಟ್ಟಿದಾಗ ಪೊರೆಯ ಬದಲು ಗುಳ್ಳೆ, ಸುಲಿದ ಚರ್ಮ ಇದ್ದರೆ ಅದು ಕೆರಾಟಿನ್ ಜೀನ್ ಕೆಟ್ಟ ಬೇರೆಯೇ ಬಗೆ.

ಇವು ಯಾವುವೂ ಅಂಟುವುದಿಲ್ಲ. ತಟ್ಟೆ ಬೇರೆ, ಲೋಟ ಬೇರೆ, ಶಾಲೆಯಲ್ಲಿ ಹಿಂದಿನ ಬೆಂಚು ಎಂಬುದಕ್ಕೆ ಆಧಾರವೇ ಇಲ್ಲ.

ದೊಡ್ಡವರಾದ ಮೇಲೆ ಹುರುಪೆ ಎದ್ದರೆ ಕಥೆ ಬೇರೆ. ನಲವತ್ತು, ಐವತ್ತರಲ್ಲಿ ಹೊಸದಾಗಿ ಇಕ್ತಿಯೋಸಿಸ್ ಬಂತೆಂದರೆ ಅದು ಒಳಗಿನ ಇನ್ಯಾವುದೋ ಕಾಯಿಲೆಯ ನೆರಳು: ಥೈರಾಯ್ಡ್ ಕೊರತೆ, ಮೂತ್ರಪಿಂಡದ ವೈಫಲ್ಯ, ಎಚ್‌ಐವಿ, ಕೆಲವೊಮ್ಮೆ ಹಾಡ್ಜ್‌ಕಿನ್ ಲಿಂಫೋಮಾ ಎಂಬ ದುಗ್ಧಗ್ರಂಥಿಯ ಕ್ಯಾನ್ಸರ್. ಮುಲಾಮಿನ ಜೊತೆಗೆ ರಕ್ತ ಪರೀಕ್ಷೆ ಬೇಕೇ ಬೇಕು. ಕುಷ್ಠದ ಬಹುಔಷಧ ಪೊಟ್ಟಣದಲ್ಲಿರುವ ಕ್ಲೋಫಾಜಿಮಿನ್ ಕೂಡ ಚರ್ಮವನ್ನು ಕಂದಾಗಿಸಿ ಒಣಗಿಸುತ್ತದೆ. ಕಾಯಿಲೆ ಹೆಚ್ಚಾಯಿತೆಂದು ಹೆದರಿ ಪೊಟ್ಟಣ ನಿಲ್ಲಿಸುವವರಿದ್ದಾರೆ. ನಿಲ್ಲಿಸಬಾರದು, ಎಣ್ಣೆ ಹಚ್ಚಿಕೊಂಡು ಮುಂದುವರಿಸಬೇಕು.

ಹೊರಗಿನಿಂದ ಒಂದೇ ರೀತಿ ಕಾಣುವ ಬೇರೆ ಕಾಯಿಲೆಗಳನ್ನು ಹೀಗೆ ಬೇರ್ಪಡಿಸಬಹುದು. ಸೋರಿಯಾಸಿಸ್‌ಗೆ ಅಂಚು ಇರುತ್ತದೆ: ಕೆಂಪು ಮಚ್ಚೆ, ಮೇಲೆ ಬೆಳ್ಳಿಯಂಥ ಹೊಟ್ಟು, ಮೊಣಕೈ, ಮೊಣಕಾಲು, ತಲೆ, ಉಗುರಿನಲ್ಲಿ ಚುಕ್ಕೆ ಚುಕ್ಕೆ ಗುಳಿ. ಅದು ಬಂದು ಹೋಗಿ ಮಾಡುತ್ತದೆ, ಇಕ್ತಿಯೋಸಿಸ್ ಹೋಗುವುದಿಲ್ಲ. ಗಜಕರ್ಣಕ್ಕೆ ಉಂಗುರದಂಥ ಅಂಚು, ನಡುವೆ ತಿಳಿ. ಚರ್ಮ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಶಿಲೀಂಧ್ರ ಕಾಣುತ್ತದೆ. ಒಣಗಿದ ಮಚ್ಚೆಯ ಮೇಲೆ ಹತ್ತಿ ಸವರಿದ್ದು ತಿಳಿಯದಿದ್ದರೆ ಕುಷ್ಠದ ಅನುಮಾನ, ತಡಮಾಡದೆ ಆಶಾ ಕಾರ್ಯಕರ್ತೆಗೆ ಹೇಳಬೇಕು. ಔಷಧ ಉಚಿತ.

ಮಕ್ಕಳ ಮೊಣಕೈ, ಮೊಣಕಾಲು, ಕುಂಡಿಯ ಮೇಲೆ ಮುಳ್ಳಿನಂತೆ ಚುಚ್ಚುವ ಒಣ ಗುಳ್ಳೆ ಎದ್ದರೆ ಅದಕ್ಕೆ ಕಪ್ಪೆಚರ್ಮ ಎನ್ನಬಹುದು, ವೈದ್ಯಕೀಯ ಹೆಸರಿನ ಅರ್ಥವೂ ಅದೇ. ಮೂಲ ಕಾರಣ ಊಟ: ಎ ಜೀವಸತ್ವ, ಬಿ ಗುಂಪಿನ ಜೀವಸತ್ವ ಮತ್ತು ಅಗತ್ಯ ಕೊಬ್ಬಿನ ಆಮ್ಲದ ಕೊರತೆ. ಇರುಳುಗಣ್ಣು ಜೊತೆಗಿದ್ದರೆ ಎ ಜೀವಸತ್ವದ ಕೊರತೆ ಖಚಿತ ಎಂದೇ ಎಣಿಸಿ. ಒಂಬತ್ತು ತಿಂಗಳಿಗೆ 1 ಲಕ್ಷ ಯೂನಿಟ್, ನಂತರ ಆರು ತಿಂಗಳಿಗೊಮ್ಮೆ 2 ಲಕ್ಷ ಯೂನಿಟ್‌ನಂತೆ ಐದು ವರ್ಷದೊಳಗೆ ಒಟ್ಟು ಒಂಬತ್ತು ಸಲ ಕೊಡುವ ದ್ರಾವಣ ತಪ್ಪಿದೆಯೇ ಎಂದು ತಾಯಿ ಕಾರ್ಡ್ ನೋಡಬೇಕು. ಅಗತ್ಯ ಕೊಬ್ಬಿಗೆ ದೂರ ಹೋಗಬೇಕಿಲ್ಲ. ಈ ಭಾಗದ ಎರೆಹೊಲದಲ್ಲೇ ಬೆಳೆಯುವ ಕುಸುಬೆಯ ಎಣ್ಣೆಯಲ್ಲಿ ಲಿನೋಲಿಕ್ ಆಮ್ಲ ಬಹಳ. ನುಗ್ಗೆಸೊಪ್ಪು, ಕುಸುಬೆ ಎಣ್ಣೆ, ಮೊಟ್ಟೆ ತಟ್ಟೆಗೆ ಬಂದರೆ ಕೆಲವು ವಾರದಲ್ಲಿ ಮುಳ್ಳು ಕರಗುತ್ತದೆ.

ಅಂಗೈ, ಅಂಗಾಲಲ್ಲಿ ಮಾತ್ರ ಗಟ್ಟಿ ಕಾಳಿನಂಥ ಗಂಟು, ಎದೆಯ ಮೇಲೆ ಮಳೆಹನಿ ಬಿದ್ದಂತೆ ಕಪ್ಪು ಬಿಳಿ ಚುಕ್ಕೆ, ಅದೂ ಒಂದೇ ಕೊಳವೆಬಾವಿಯ ನೀರು ಕುಡಿಯುವ ಹಲವರಿಗೆ ಇದ್ದರೆ ಅನುಮಾನ ನೀರಿನ ಮೇಲೆ. ಚಿನ್ನವಿರುವ ಬಂಡೆಯಲ್ಲಿ ಆರ್ಸೆನಿಕ್ ಖನಿಜವೂ ಜೊತೆಗಿರುತ್ತದೆ. ಹಿಂದೆ ರಾಯಚೂರಿನ ನೆರೆಯ ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದಲ್ಲಿ, ಹಳೆಯ ಚಿನ್ನದ ಗಣಿಯ ಬಳಿ, ಜನರ ಚರ್ಮ ಹೀಗಾದದ್ದು ದಾಖಲಾಗಿದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 10 ಮೈಕ್ರೋಗ್ರಾಂ ಮೇಲಿರಬಾರದು ಎಂಬುದು ಮಿತಿ. ಕುದಿಸಿದರೆ ಆರ್ಸೆನಿಕ್ ಹೋಗುವುದಿಲ್ಲ, ನೀರು ಆವಿಯಾಗಿ ಇನ್ನೂ ಸಾಂದ್ರವಾಗುತ್ತದೆ. ಬೇರೆ ನೀರಿಗೆ ಬದಲಾಗುವುದೇ ಮೊದಲ ಮದ್ದು.

ಈಗ ದಿನದ ಆರೈಕೆ. ಜೀನ್ ಬದಲಿಸುವ ಮದ್ದು ಇಲ್ಲ. ಕೈಲಿರುವುದು ಒಂದೇ ಉಪಾಯ: ಚರ್ಮಕ್ಕೆ ನೀರು ಕುಡಿಸು, ಮೇಲೆ ಮುಲಾಮಿನ ಮುಚ್ಚಳ ಹಾಕು. ಇದರಲ್ಲಿ ತಪ್ಪುವುದೆಲ್ಲ ವಿವರದಲ್ಲಿ.

ನೀರು ಉಗುರುಬೆಚ್ಚಗಿರಲಿ. ತಂಬಿಗೆಯಿಂದ ಐದು ನಿಮಿಷ ಸುರಿದುಕೊಂಡರೆ ಚರ್ಮ ನೆನೆಯುವುದಿಲ್ಲ, ಹತ್ತರಿಂದ ಇಪ್ಪತ್ತು ನಿಮಿಷ ಬೇಕು. ಮಗುವನ್ನು ಪ್ಲಾಸ್ಟಿಕ್ ಟಬ್ಬಿನಲ್ಲಿ ಕೂರಿಸಬಹುದು. ದೊಡ್ಡವರು ನೆನೆಸಿದ ಹತ್ತಿ ಪಂಚೆಯನ್ನು ಕೈಕಾಲಿಗೆ ಸುತ್ತಿಕೊಂಡು, ಮೇಲೆ ಆಗಾಗ ನೀರು ಸುರಿಯುತ್ತ ಬಚ್ಚಲಲ್ಲೇ ಕೂರಬಹುದು. ನೀರಿನ ಬಡತನವಿದ್ದಾಗ ಇದೇ ಮೇಲು, ಅರ್ಧ ಬಕೆಟ್ಟಿನಲ್ಲಿ ಮುಗಿಯುತ್ತದೆ. ನಮ್ಮ ಕಡೆಯ ಕೊಳವೆಬಾವಿ ನೀರು ಬಹುತೇಕ ಗಡಸು. ಸೋಪು ನೊರೆ ಬಾರದೆ ಬಿಳಿ ಗಸಿಯಾಗಿ ಚರ್ಮದ ಮೇಲೆ ಕೂತು ಒಣಗಿಸುತ್ತದೆ. ಆದ್ದರಿಂದ ಸೋಪನ್ನು ಕಂಕುಳು, ತೊಡೆಸಂದು, ಪಾದಕ್ಕೆ ಮಾತ್ರ ಇಟ್ಟುಕೊಳ್ಳಿ. ಸೋಪಿಲ್ಲದ ಮೃದು ತೊಳೆಗ ಸಿಕ್ಕರೆ ಉತ್ತಮ. ದಪ್ಪ ಹುರುಪೆಯ ಜನ್ಮಜಾತ ಬಗೆಗಳಿಗೆ ಅಡುಗೆ ಸೋಡಾ ಬೆರೆಸಿದ ನೀರನ್ನು ಕೆಲವು ವೈದ್ಯರು ಹೇಳುತ್ತಾರೆ: ಲೀಟರಿಗೆ 3ರಿಂದ 6 ಗ್ರಾಂ, ಅಂದರೆ 20 ಲೀಟರ್ ಬಕೆಟ್ಟಿಗೆ 60ರಿಂದ 120 ಗ್ರಾಂ. ಗಾಯವಿದ್ದಾಗ ಬೇಡ, ಹಸುಗೂಸಿಗೆ ಬೇಡ. ನೆಂದ ಮೇಲೆ ಮೆತ್ತನೆಯ ಒದ್ದೆ ಬಟ್ಟೆಯಿಂದ ಸವರಿದರೆ ಬರುವಷ್ಟು ಹುರುಪೆ ಬರಲಿ, ಬಾರದ್ದನ್ನು ಬಿಡಿ.

ಒರೆಸುವುದಲ್ಲ, ಟವೆಲ್ ಒತ್ತಿ ತೆಗೆಯುವುದು. ಮೈ ಇನ್ನೂ ಹಸಿಯಿರುವಾಗಲೇ, ಮೂರು ನಿಮಿಷದೊಳಗೆ, ಮುಲಾಮು. ತಡವಾದರೆ ಒಳಗೆ ಹೋದ ನೀರು ಹೊರಬಿದ್ದು ಸ್ನಾನಕ್ಕೆ ಮುಂಚಿಗಿಂತ ಚರ್ಮ ಒಣಗುತ್ತದೆ. ಡಬ್ಬಿ ಬಚ್ಚಲ ಹೊರಗಲ್ಲ, ಬಚ್ಚಲ ಗೂಡಲ್ಲೇ ಇರಬೇಕು ಎನ್ನುವುದು ಅದಕ್ಕೇ.

ಎಷ್ಟು ಹಚ್ಚಬೇಕು ಎಂಬಲ್ಲಿ ಎಲ್ಲರೂ ಸೋಲುತ್ತಾರೆ. ದೊಡ್ಡವರ ಇಡೀ ಮೈಗೆ ಒಂದು ಸಲಕ್ಕೆ 30ರಿಂದ 40 ಗ್ರಾಂ, ದಿನಕ್ಕೆ ಎರಡು ಸಲ. ವಾರಕ್ಕೆ ಸುಮಾರು 500 ಗ್ರಾಂ, ಮಗುವಿಗೆ 250 ಗ್ರಾಂ. 50 ಗ್ರಾಂ ಟ್ಯೂಬು ಒಂದು ತಿಂಗಳು ಬಂತೆಂದರೆ ಮದ್ದು ನಾಟಲಿಲ್ಲ ಎನ್ನುವುದು ತಪ್ಪು, ಹಚ್ಚಿಯೇ ಇಲ್ಲ. ಸುಗಂಧದ ದುಬಾರಿ ಕ್ರೀಮಿಗೆ ಇಷ್ಟು ಖರ್ಚು ಯಾರಿಂದಲೂ ಆಗದು. ಬಿಳಿ ಪೆಟ್ರೋಲಿಯಂ ಜೆಲ್ಲಿ ಮತ್ತು ಲಿಕ್ವಿಡ್ ಪ್ಯಾರಾಫಿನ್ ಸಮಸಮ ಬೆರೆಸಿದ್ದು ಅಗ್ಗ, ಕೆಲಸದಲ್ಲಿ ಯಾವ ಕ್ರೀಮಿಗೂ ಕಡಿಮೆಯಿಲ್ಲ. ಕೊಬ್ಬರಿ ಎಣ್ಣೆಯೂ ಆದೀತು. ಹಚ್ಚುವ ದಿಕ್ಕು ರೋಮ ಬೆಳೆದ ದಿಕ್ಕಿನಲ್ಲೇ, ಇಲ್ಲದಿದ್ದರೆ ರೋಮದ ಬುಡದಲ್ಲಿ ಕೀವುಗುಳ್ಳೆ ಏಳುತ್ತದೆ. ಒಂದು ಎಚ್ಚರ: ಪ್ಯಾರಾಫಿನ್ ಹೀರಿದ ಬಟ್ಟೆಗೆ ಕಿಡಿ ತಗುಲಿದರೆ ಭಗ್ಗನೆ ಹತ್ತಿಕೊಳ್ಳುತ್ತದೆ. ಕಟ್ಟಿಗೆ ಒಲೆ, ಬೀಡಿ, ದೀಪದ ಹತ್ತಿರ ಆ ಬಟ್ಟೆಯಲ್ಲಿ ಕೂರಬಾರದು. ತೊಳೆದರೂ ಪೂರ್ತಿ ಹೋಗುವುದಿಲ್ಲ.

ಹುರುಪೆ ಕರಗಿಸಲು ಯೂರಿಯಾ 10 ಶೇಕಡಾ, ದಪ್ಪ ಅಂಗಾಲಿಗೆ 20ರಿಂದ 40, ಇಲ್ಲವೇ ಲ್ಯಾಕ್ಟಿಕ್ ಆಮ್ಲ 12 ಶೇಕಡಾವರೆಗೆ. ಹೊಲಕ್ಕೆ ಹಾಕುವ ಯೂರಿಯಾ ಕರಗಿಸಿ ಹಚ್ಚುವ ಸಾಹಸ ಬೇಡ. ಸೀಳಿಗೆ ತಾಗಿದರೆ ಎರಡೂ ಉರಿಯುತ್ತವೆ, ಹಾಗಾಗಿ ಮೊದಲು ಜೆಲ್ಲಿಯಿಂದ ಸೀಳು ಮಾಯಲಿ. ಒಂದು ವರ್ಷದೊಳಗಿನ ಮಗುವಿಗೆ ಮೈತುಂಬ ಇವನ್ನು ಬಳಸುವುದಿಲ್ಲ. ಸ್ಯಾಲಿಸಿಲಿಕ್ ಆಮ್ಲ ಇನ್ನೂ ಅಪಾಯದ್ದು. ಸೋರುವ ಚರ್ಮದ ಮೂಲಕ ರಕ್ತಕ್ಕಿಳಿದು ಏದುಸಿರು, ವಾಂತಿ, ಕಿವಿಯಲ್ಲಿ ಗುಂಯ್ ಎನ್ನುವ ಸದ್ದು ತರುತ್ತದೆ. ಎಳೆ ಮಕ್ಕಳಿಗೆ ಬೇಡವೇ ಬೇಡ, ದೊಡ್ಡವರಿಗೂ ಅಂಗೈಯಗಲದ ಜಾಗಕ್ಕಷ್ಟೇ. ಮೆಡಿಕಲ್ ಅಂಗಡಿಯಲ್ಲಿ ಕೇಳಿದ ಕೂಡಲೇ ಕೈಗೆ ಬರುವ ಸ್ಟೀರಾಯ್ಡ್ ಬೆರೆತ ಮುಲಾಮು ಇಕ್ತಿಯೋಸಿಸ್‌ಗೆ ಉಪಯೋಗವಿಲ್ಲ. ಚರ್ಮ ತೆಳುವಾಗುತ್ತದೆ, ಒಳಗೆ ಅಡಗಿದ ಗಜಕರ್ಣ ಹಬ್ಬುತ್ತದೆ. ಈ ಚರ್ಮಕ್ಕೆ ಶಿಲೀಂಧ್ರ ಬೇಗ ಹಿಡಿಯುತ್ತದೆ ಎಂಬುದೂ ನೆನಪಿರಲಿ.

ತೀವ್ರ ಬಗೆಗೆ ಅಸಿಟ್ರೆಟಿನ್ ಮಾತ್ರೆ ಇದೆ. ಹುರುಪೆ ಚೆನ್ನಾಗಿ ಇಳಿಯುತ್ತದೆ, ಬಿಟ್ಟರೆ ಮರಳುತ್ತದೆ. ಯಕೃತ್ತು ಮತ್ತು ಕೊಬ್ಬಿನ ರಕ್ತ ಪರೀಕ್ಷೆ ಆಗಾಗ ಬೇಕು. ಗರ್ಭದ ಶಿಶುವಿಗೆ ಘೋರ ಹಾನಿ ಮಾಡುವುದರಿಂದ, ನಿಲ್ಲಿಸಿದ ಮೇಲೂ ಮೂರು ವರ್ಷ ಗರ್ಭ ಧರಿಸುವಂತಿಲ್ಲ. ಮದುವೆಯ ವಯಸ್ಸಿನ ಹೆಣ್ಣುಮಕ್ಕಳಿಗೆ ಇದನ್ನು ಬರೆಯುವ ಮುನ್ನ ವೈದ್ಯರು ಇದನ್ನು ಹೇಳದಿದ್ದರೆ ನೀವೇ ಕೇಳಿ.

ಚರ್ಮದಾಚೆಯ ಮೂರು ಜಾಗ. ಕಿವಿಯ ಕೊಳವೆಯಲ್ಲಿ ಹುರುಪೆ ತುಂಬಿ ಕೇಳಿಸುವುದು ಕಡಿಮೆಯಾಗುತ್ತದೆ. ಓದಿನಲ್ಲಿ ಹಿಂದೆ ಎಂದು ಬೈಸಿಕೊಳ್ಳುವ ಮಗುವಿಗೆ ಬೇಕಾದ್ದು ಕೆಲವೊಮ್ಮೆ ಕಿವಿ ಶುಚಿ, ಅದೂ ಕಡ್ಡಿಯಿಂದಲ್ಲ, ಕೆಲವು ತಿಂಗಳಿಗೊಮ್ಮೆ ಕಿವಿ ವೈದ್ಯರಲ್ಲಿ. ರೆಪ್ಪೆ ಪೂರ್ತಿ ಮುಚ್ಚದಿದ್ದರೆ ಹಗಲು ಕಣ್ಣಿನ ಹನಿ, ರಾತ್ರಿ ಜೆಲ್. ದಪ್ಪ ಹುರುಪೆಯ ಮಕ್ಕಳಲ್ಲಿ ಡಿ ಜೀವಸತ್ವ ಕಡಿಮೆಯಾಗಿ ಕಾಲು ಬಾಗಬಹುದು. ಬಿಸಿಲಿನ ಊರಲ್ಲಿ ಡಿ ಕೊರತೆ ಎಲ್ಲಿಂದ ಎನ್ನಬೇಡಿ, ಆ ಚರ್ಮ ಬಿಸಿಲನ್ನು ಬಳಸಿಕೊಳ್ಳಲಾರದು.

ಬಿಸಿಲಿನ ಮಾತು ಬಂದದ್ದರಿಂದ ಇನ್ನೊಂದು. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರು, ಬಳ್ಳಾರಿ 40 ಡಿಗ್ರಿ ದಾಟುವುದು ಹೊಸ ಸುದ್ದಿಯಲ್ಲ. ಹುರುಪೆ ಬೆವರಿನ ಬಾಯಿ ಮುಚ್ಚಿರುವುದರಿಂದ ಈ ಮಕ್ಕಳು ಬೆವರಲಾರರು. ಮುಖ ಕೆಂಪೇರಿ, ತಲೆನೋವು ಬಂದು, ಮಂಕಾಗಿ ಕೂತರೆ ಮೈ ಒಳಗೆ ಕಾಯುತ್ತಿದೆ ಎಂದರ್ಥ. ಪ್ಯಾರಸಿಟಮಾಲ್ ಇಲ್ಲಿ ಕೆಲಸ ಮಾಡದು, ಇದು ಜ್ವರವಲ್ಲ. ನೆರಳಿಗೆ ತಂದು ಬಟ್ಟೆ ಬಿಚ್ಚಿ ಮೈಯೆಲ್ಲ ಒದ್ದೆ ಮಾಡಿ ಫ್ಯಾನಿನ ಗಾಳಿ ಕೊಡಬೇಕು. ಹೊರಗಿನಿಂದ ಹಾಕಿದ ನೀರೇ ಅವರ ಬೆವರು. ಮಾತು ತೊದಲಿದರೆ, ವಾಂತಿಯಾದರೆ ಆಸ್ಪತ್ರೆ. ಮುಂಜಾಗ್ರತೆಯಾಗಿ ಶಾಲೆಯ ಚೀಲದಲ್ಲಿ ನೀರು ಸಿಂಪಡಿಸುವ ಬಾಟಲಿ, ಒದ್ದೆ ಮಾಡಿ ತೊಡುವ ಹತ್ತಿ ಬನಿಯನ್, ಮಧ್ಯಾಹ್ನದ ಆಟದಿಂದ ರಿಯಾಯಿತಿ. ಬೇಸಿಗೆಯ ಹಗಲಿಗೆ ದಪ್ಪ ಜೆಲ್ಲಿ ಬೇಡ, ಅದು ಶಾಖವನ್ನು ಒಳಗೇ ಹಿಡಿಯುತ್ತದೆ. ತೆಳು ಲೋಷನ್ ಸಾಕು, ಜೆಲ್ಲಿ ರಾತ್ರಿಗಿರಲಿ. ಎಸಿಗಿಂತ ನೀರಿನ ಕೂಲರ್ ಇವರಿಗೆ ಹಿತ. ನಮ್ಮ ಒಣ ಗಾಳಿಯಲ್ಲಿ ಅದು ಚೆನ್ನಾಗಿ ತಂಪು ಮಾಡುತ್ತದೆ, ತೇವವನ್ನೂ ಕೊಡುತ್ತದೆ.

ಕೊನೆಗೆ ಸಂಬಂಧದ ಲೆಕ್ಕ. ಕೊಲೋಡಿಯನ್ ಮಗುವಿನ ಬಗೆಗಳಲ್ಲಿ ಹೆಚ್ಚಿನವು ಕಾಣಿಸಿಕೊಳ್ಳಲು ತಂದೆ, ತಾಯಿ ಇಬ್ಬರಿಂದಲೂ ಕೆಟ್ಟ ಜೀನ್ ಬರಬೇಕು. ಎರಡೂವರೆ ಲಕ್ಷಕ್ಕೆ ಒಬ್ಬರಿಗೆ ಬರುವ ಕಾಯಿಲೆ ಎಂದಿಟ್ಟುಕೊಂಡರೆ, ಸುಮಾರು 250 ಜನರಲ್ಲಿ ಒಬ್ಬರು ಒಂದು ಕೆಟ್ಟ ಪ್ರತಿಯನ್ನು ಹೊತ್ತು ಆರೋಗ್ಯವಾಗಿಯೇ ಇರುತ್ತಾರೆ. ಅಂಥವರು ಹೊರಗಿನವರನ್ನು ಮದುವೆಯಾದರೆ ಮಗುವಿಗೆ ಬರುವ ಸಂಭವ ಸಾವಿರಕ್ಕೆ ಒಂದು. ಅತ್ತೆ ಮಗಳನ್ನೋ ಮಾವನ ಮಗಳನ್ನೋ ಆದರೆ 32ಕ್ಕೆ ಒಂದು. ಅಕ್ಕನ ಮಗಳನ್ನಾದರೆ 16ಕ್ಕೆ ಒಂದು. ಒಂದು ಮಗು ಈಗಾಗಲೇ ಹೀಗೆ ಹುಟ್ಟಿದ್ದರೆ ಲೆಕ್ಕ ಬದಲಾಗುತ್ತದೆ: ಅದೇ ದಂಪತಿಯ ಪ್ರತಿ ಬಸಿರಿಗೂ ನಾಲ್ಕಕ್ಕೆ ಒಂದು. ಮುಂದಿನ ಬಸಿರಿನಲ್ಲಿ 11ರಿಂದ 13ನೇ ವಾರದೊಳಗೆ ಮಾಸಿನ ಚೂರು ತೆಗೆದು ಪರೀಕ್ಷಿಸಬಹುದು. ಆದರೆ ಯಾವ ಜೀನ್‌ನಲ್ಲಿ ಯಾವ ದೋಷ ಎಂದು ಮೊದಲ ಮಗುವಿನ ರಕ್ತದಿಂದ ಮೊದಲೇ ಗೊತ್ತಾಗಿರಬೇಕು. ಆ ವರದಿ ಬರಲು ವಾರಗಟ್ಟಲೆ ಹಿಡಿಯುತ್ತದೆ. ಆದ್ದರಿಂದ ರಕ್ತ ಕೊಡಬೇಕಾದ್ದು ಬಸಿರಾದ ಮೇಲಲ್ಲ, ಅದಕ್ಕೂ ಮೊದಲು.